ಮನೆಯ ವೈದ್ಯರ ಚೀಟಿ

ಬಸುರಿಯ ಕಾಲು ಊದಿದರೆ ‘ಇದೆಲ್ಲ ಸಹಜ’ ಎನ್ನುತ್ತಾರೆ ಹಿರಿಯರು. ಬಹುಮಟ್ಟಿಗೆ ಅದು ದಿಟ. ಆದರೆ ಬಿಡದ ತಲೆನೋವೂ ಮಂಜಾದ ದೃಷ್ಟಿಯೂ ಜೊತೆಗೂಡಿದರೆ ತಡಮಾಡಲಾಗದು. 20 ವಾರ ಕಳೆದ ಮೇಲೆ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಂಡರೆ ತಾಯಿಗೂ ಮಗುವಿಗೂ ಗಂಡಾಂತರ. ಆ ಒತ್ತಡ ಮೊದಲಿನಿಂದಲೂ ಇದ್ದುದೇ, ಬಸಿರಿನಲ್ಲಿ ಬಂದುದೇ ಎಂಬುದನ್ನು ತಿಳಿಯಲು ಹಳೆಯ ಅಂಕಿಗಳು ಬೇಕು. ಹೆರಿಗೆ ಮಾಡಿಸುವವರು ಬೇರೆಯವರಾದರೂ, ಬಸಿರಿಗೆ ಮುನ್ನವೂ ಆಕೆಯನ್ನು ಕಂಡು ಆ ಅಂಕಿಗಳನ್ನು ಬರೆದಿಟ್ಟವರು ಮನೆಯ ವೈದ್ಯರು. ಸೀಮಂತ ಮುಗಿಸಿ ತವರಿಗೆ ಹೊರಟವಳ ಪೆಟ್ಟಿಗೆಯಲ್ಲಿ ಸೀರೆ, ಬಳೆಗಳು ತಪ್ಪದೆ ಇರುತ್ತವೆ. ಎಷ್ಟೋ ವೇಳೆ ಅವರ ಚೀಟಿ ಮಾತ್ರ ಗಂಡನ ಮನೆಯ ಕಪಾಟಿನಲ್ಲೇ ಉಳಿದುಬಿಡುತ್ತದೆ. ಪೆಟ್ಟಿಗೆಗೆ ಮೊದಲು ಸೇರಬೇಕಾದುದು ಅದೇ.