ಕೋಲಿಗೆ ದುಡ್ಡು ಸುರಿಯಬೇಡಿ, ದಾರದ ಮೇಲೆ ಕಣ್ಣಿಡಿ

ಕೃಷಿ ಹೊಂಡದಲ್ಲಿ ಮೀನು ಬಿಟ್ಟವರು ಈಗ ಊರಿಗೆ ನಾಲ್ಕು ಜನ ಸಿಗ್ತಾರೆ. ಮನೆ ಸಾರಿಗೆ ವಾರಕ್ಕೆ ಒಂದೋ ಎರಡೋ ಮೀನು ಬೇಕಾದರೆ ಯಾರೂ ಬಲೆ ಎಳೆಯೋಕೆ ಹೋಗಲ್ಲ, ಗಾಳ ಹಾಕ್ತಾರೆ. ಹಾಗಾಗಿ ಯಾವ ಕೋಲು ತಗೊಳ್ಳೋದು, ಯಾವ ರೀಲು ಒಳ್ಳೇದು ಅಂತ ನನ್ನನ್ನು ಕೇಳೋರು ಜಾಸ್ತಿಯಾಗಿದ್ದಾರೆ. ದಾರದ ಬಗ್ಗೆ ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮೊದಲು ನಾನೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ದಾರ ಸಿಕ್ಕಾಯ್ತು. ಬಿಡಿಸೋಕೆ ತಾಳ್ಮೆ ಇಲ್ಲದೆ ಕತ್ತರಿಸಿ ಹೊಂಡದ ಏರಿ ಮೇಲೆ ಎಸೆದು ಬಂದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಒಂದು ಬೆಳ್ಳಕ್ಕಿ ಅಲ್ಲೇ ರೆಕ್ಕೆ ಬಡೀತಾ ಬಿದ್ದಿತ್ತು. ನೈಲಾನ್ ದಾರ ಕಾಲಿಗೆ ಸುತ್ತಿ ಚರ್ಮ ಕೊಯ್ದಿತ್ತು. ಬಿಡಿಸಿ ಬಿಟ್ಟೆ, ಹಾರಿತು. ಒಂದು ಕಾಲು ಜೋತಾಡ್ತಿತ್ತು. ವಿಷ ಹಾಕದ ತೋಟ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುವವನು ನಾನು. ಅವತ್ತು ಬಹಳ ನಾಚಿಕೆಯಾಯ್ತು.

ಅದಕ್ಕೇ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹೊಂಡದ ಗಾಳಕ್ಕೆ ಸಾಧಾರಣ ಕೋಲು ಸಾಕು. ಮೀನು ಕಳೆದುಕೊಳ್ಳೋದೂ ದಾರದಿಂದಲೇ, ಹೊಲಕ್ಕೆ ಹಾನಿಯಾಗೋದೂ ದಾರದಿಂದಲೇ. ಗಮನ ಅಲ್ಲಿರಬೇಕು.

ಕೋಲು ಎಷ್ಟು ದೊಡ್ಡದು ಬೇಕು?

ನಮ್ಮ ಹೊಂಡ 21 ಮೀಟರ್ ಉದ್ದ, 21 ಮೀಟರ್ ಅಗಲ. ಈ ಏರಿಯಲ್ಲಿ ನಿಂತು ಆ ಏರಿಗೆ ಎಸೆಯೋಕೆ 12 ಅಡಿ ಕೋಲು ಯಾಕೆ ಬೇಕು? ಆರೂವರೆಯಿಂದ ಏಳು ಅಡಿಯದು ಧಾರಾಳವಾಗಿ ಸಾಕು.

ಆನ್‌ಲೈನ್ ಅಂಗಡಿಗಳಲ್ಲಿ 'ಬಾಸ್ ರಾಡ್' ಅಂತ ಸಿಗುತ್ತಲ್ಲ, ಅದು ಅಮೆರಿಕದ ಲಾರ್ಜ್‌ಮೌತ್ ಬಾಸ್ ಮೀನಿಗಾಗಿ ರೂಪಿಸಿದ್ದು. ಆ ಮೀನಿನ ವಿಶ್ವದಾಖಲೆ ಸುಮಾರು 10 ಕೆಜಿ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕಿದ್ದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಾಟಿಯಾಗಿ ಇನ್ನೊಂದು ಸಿಕ್ಕಿತು. ನಾವು ಹೊಂಡದಲ್ಲಿ ಹಿಡಿಯೋದು ಒಂದು, ಒಂದೂವರೆ ಕೆಜಿಯ ಕಾಟ್ಲಾ, ರೋಹು. ಹಾಗಾಗಿ ಕೋಲಿನ ಮೇಲೆ 'ಮೀಡಿಯಂ' ಅಂತ ಬರೆದಿದ್ದರೆ ಸಾಕು, ಇನ್ನೂ ಬಲವಾದದ್ದು ಹುಡುಕಬೇಡಿ.

ಫೈಬರ್ ಗ್ಲಾಸ್ ಕೋಲು ಸ್ವಲ್ಪ ಭಾರ. ಆದರೆ ಏಟು ತಡೆಯುತ್ತೆ, ಪಂಪ್‌ಹೌಸ್ ಮೂಲೆಯಲ್ಲಿ ಬಿದ್ದರೂ ಬದುಕುತ್ತೆ. ಕಾರ್ಬನ್ ಕೋಲು ಹಗುರ, ಆದರೆ ಕಲ್ಲಿಗೆ ತಗುಲಿ ಸಣ್ಣ ಪೆಟ್ಟಾದರೂ ಮುಂದೊಂದು ದಿನ ಅಲ್ಲೇ ಮುರಿಯುತ್ತೆ. ಅದಕ್ಕಿಂತ ಮುಖ್ಯ, ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತೆ. ನಮ್ಮ ಹೊಂಡಗಳ ಪಕ್ಕದಲ್ಲೇ ಕರೆಂಟ್ ತಂತಿ ಹಾದುಹೋಗಿರೋದು ಎಷ್ಟು ಕಡೆ ಇಲ್ಲ? ತಂತಿಯ ಕೆಳಗೆ ಯಾವ ಕೋಲನ್ನೂ ಎತ್ತಬೇಡಿ, ಗುಡುಗು ಮಿಂಚಿದ್ದಾಗ ಏರಿ ಮೇಲೆ ನಿಲ್ಲಲೇಬೇಡಿ.

ಬಿದಿರು ಕೋಲು ಸಾಲದಾ?

ಸಣ್ಣ ಮೀನಿಗೆ ಸಾಕು, ನಾವೆಲ್ಲ ಅದರಲ್ಲೇ ಕಲಿತದ್ದು. ಆದರೆ ದೊಡ್ಡ ಕಾಟ್ಲಾ ಜೋರಾಗಿ ಎಳೆದಾಗ ಬಿದಿರಿಗೆ ಕಟ್ಟಿದ ದಾರ ಸಡಿಲ ಬಿಡೋದಿಲ್ಲ, ಪಟ್ಟನೆ ಕಡಿಯುತ್ತೆ. ಮೀನು ಬಾಯಲ್ಲಿ ಗಾಳ ಕಚ್ಚಿಕೊಂಡೇ ಹೋಗುತ್ತೆ. ರೀಲಿನ ಕೆಲಸವೇ ಅದು, ಎಳೆತ ಮಿತಿ ಮೀರಿದಾಗ ದಾರ ಬಿಟ್ಟುಕೊಡೋದು. ಇದಕ್ಕೆ ಡ್ರ್ಯಾಗ್ ಅಂತಾರೆ. 2500 ಅಥವಾ 3000 ಸೈಜಿನ ಸ್ಪಿನ್ನಿಂಗ್ ರೀಲು ತಗೊಳ್ಳಿ. ಎಷ್ಟು ಬೇರಿಂಗ್ ಇದೆ ಅಂತ ಎಣಿಸೋದಕ್ಕಿಂತ, ಡ್ರ್ಯಾಗ್ ತಡೆತಡೆದು ಬಿಡದೆ ಸಲೀಸಾಗಿ ಬಿಡುತ್ತಾ ಅಂತ ಕೈಯಲ್ಲೇ ಎಳೆದು ನೋಡಿ.

ಡ್ರ್ಯಾಗ್ ಎಷ್ಟು ಬಿಗಿ ಇರಬೇಕು? ದಾರ ತಡೆಯುವ ತೂಕದ ಕಾಲುಭಾಗ. 6 ಕೆಜಿ ದಾರವಾದರೆ ಒಂದೂವರೆ ಕೆಜಿ. ಅಳೆಯೋಕೆ ತಕ್ಕಡಿ ಬೇಡ. ಒಂದೂವರೆ ಲೀಟರ್ ನೀರು ತುಂಬಿದ ಬಾಟಲಿಯನ್ನು ರೀಲಿನಿಂದ ನೇರವಾಗಿ ಬರುವ ದಾರಕ್ಕೆ ಕಟ್ಟಿ ತೂಗುಬಿಡಿ. ಬಾಟಲಿ ಮೆಲ್ಲಗೆ ಕೆಳಗಿಳಿದರೆ ಸರಿಯಾಗಿದೆ.

ಇನ್ನು ದಾರ

ಮೂರು ಬಗೆಯ ದಾರ ಸಿಗುತ್ತೆ. ಸಾದಾ ನೈಲಾನ್ ಮೊನೊ ಸ್ವಲ್ಪ ಹಿಗ್ಗುತ್ತೆ, ಹೊಸಬರ ತಪ್ಪನ್ನು ಸಹಿಸುತ್ತೆ. ಹೆಣೆದ ದಾರ, ಅಂದರೆ ಬ್ರೇಡ್, ತೆಳ್ಳಗಿದ್ದೂ ಬಹಳ ಗಟ್ಟಿ. ಆದರೆ ಹಿಗ್ಗೋದಿಲ್ಲ, ಬೆರಳು ಕೊಯ್ಯುತ್ತೆ. ಫ್ಲೋರೊಕಾರ್ಬನ್ ನೀರಿನಲ್ಲಿ ಅಷ್ಟಾಗಿ ಕಾಣಲ್ಲ, ಬೇಗ ಮುಳುಗುತ್ತೆ, ದುಬಾರಿ. ಬೆಂಡು ಕಟ್ಟಿ ಗಾಳ ಹಾಕುವ ನಮಗೆ ಮುಳುಗೋ ದಾರ ಬೇಡ. ಹೊಂಡಕ್ಕೆ 0.30 ಮಿ.ಮೀ. ಮೊನೊ ಸಾಕು.

ಈ ಮಾತನ್ನು ಒಪ್ಪದವರೂ ಇದ್ದಾರೆ. ಜೊಂಡು ಬೆಳೆದ ಕೆರೆಯಲ್ಲಿ ಕಪ್ಪೆಯಾಕಾರದ ನಕಲಿ ಎರೆ ಎಸೆದು ಕೊರವ ಮೀನು ಹಿಡಿಯೋರು ಬ್ರೇಡ್ ಇಲ್ಲದೆ ಆಗಲ್ಲ ಅಂತಾರೆ. ಅವರ ಮಟ್ಟಿಗೆ ಅದು ನಿಜ. ಜೊಂಡಿನೊಳಗಿಂದ ಮೀನು ಎಳೆದು ತರೋಕೆ ಗಟ್ಟಿ ಕೋಲು, ಹಿಗ್ಗದ ದಾರ ಎರಡೂ ಬೇಕು. ಆದರೆ ಅದು ಕೆರೆಯ ಲೆಕ್ಕ, ಹೊಂಡಕ್ಕೆ ಹೊಂದೋದಿಲ್ಲ.

ನೈಲಾನ್‌ಗೆ ಬಿಸಿಲು ಆಗಲ್ಲ. ಶೇಡ್‌ನೆಟ್ ಬಿಸಿಲಿಗೆ ಪುಡಿಯಾಗೋದು ನೋಡಿದ್ದೀರಲ್ಲ, ಇದೂ ಹಾಗೇ. ವರ್ಷಕ್ಕೊಮ್ಮೆ ಬದಲಿಸಿ. ಪ್ರತಿ ಸಲ ಗಾಳ ಹಾಕೋ ಮುಂಚೆ ತುದಿಯ ಎರಡು ಮೀಟರ್ ದಾರವನ್ನು ಬೆರಳ ನಡುವೆ ಎಳೆದು ನೋಡಿ. ತರಿತರಿ ಅನಿಸಿದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಗಂಟನ್ನು ಬಿಗಿಯೋ ಮುಂಚೆ ಒದ್ದೆ ಮಾಡಿ. ಒಣ ದಾರ ಉಜ್ಜಿದ ಶಾಖಕ್ಕೆ ಗಂಟಿನಲ್ಲೇ ಸೋಲುತ್ತೆ.

ಹಾಸು ಇದ್ದರೆ ಇನ್ನೂ ಜಾಗ್ರತೆ

ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಗಾಳ ತಳಕ್ಕೆ ಸಿಕ್ಕಿಕೊಂಡರೆ ಜಗ್ಗಿ ಎಳೀತೀವಿ. ಅಲ್ಲಿ ಒಂದು ತೂತು. ಒಂದು ಮೀನಿನ ಆಸೆಗೆ ಬೇಸಿಗೆಯ ನೀರನ್ನೇ ಕಳೆದುಕೊಂಡ ಹಾಗೆ. ಹಾಗಾಗಿ ಮೂರು ಮೊನೆಯ ಗಾಳ ಬೇಡ, ಒಂಟಿ ಗಾಳ ಹಾಕಿ, ಅದರ ಮುಳ್ಳನ್ನು ಇಕ್ಕಳದಲ್ಲಿ ಅಮುಕಿ. ಬೆಂಡು ಕಟ್ಟಿ ಗಾಳ ತಳ ಮುಟ್ಟದ ಹಾಗೆ ನೋಡಿಕೊಳ್ಳಿ. ಕಾಟ್ಲಾ ಮೇಲುನೀರಲ್ಲಿ, ರೋಹು ನಡುನೀರಲ್ಲಿ ಮೇಯುತ್ತವೆ, ಎರಡೂ ಹಿಂಡಿ, ತೌಡು ಕಲಸಿದ ಉಂಡೆಗೆ ಬರ್ತವೆ. ತಳದಲ್ಲಿ ಮೇಯುವ ಮೃಗಾಲ್ ಬೇಕಾದರೆ ಹೊಂಡ ಖಾಲಿ ಮಾಡುವಾಗ ಹಿಡಿಯಿರಿ. ಒದ್ದೆ ಹಾಸು ಎಣ್ಣೆ ಹಚ್ಚಿದ ಹಾಗೆ ಜಾರುತ್ತೆ. ಒಬ್ಬರೇ ಹೋಗಬೇಡಿ, ಹತ್ತಿ ಬರೋಕೆ ಹಗ್ಗ ಕಟ್ಟಿರಿ.

ಹತ್ತು ನಿಮಿಷದ ಜೋಪಾನ

ಸ್ಪ್ರೇಯರ್ ತೊಳೆಯೋ ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಕೋಲು, ರೀಲು ಒರೆಸಿ. ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಪೈಪಿನಿಂದ ಜೋರಾಗಿ ನೀರು ಹೊಡೀಬೇಡಿ. ಮಣ್ಣು ಒಳಗೆ ಹೋಗುತ್ತೆ. ಎತ್ತಿಡುವಾಗ ಡ್ರ್ಯಾಗ್ ಸಡಿಲ ಮಾಡಿ, ಇಲ್ಲದಿದ್ದರೆ ಒಳಗಿನ ವಾಷರ್‌ಗಳು ಅಮುಕಿ ಹಾಳಾಗ್ತವೆ. ದಾರ ಹಾಯುವ ಸಣ್ಣ ಉರುಳೆಗೆ ಆಗಾಗ ಒಂದು ಹನಿ ತೆಳು ಎಣ್ಣೆ ಬಿಡಿ, ವರ್ಷಕ್ಕೊಮ್ಮೆ ಗೇರಿಗೆ ಗ್ರೀಸ್ ಹಾಕಿ. ಕೋಲಿನ ಬಳೆಗಳೊಳಗೆ ಚೂರು ಹತ್ತಿ ಆಡಿಸಿ ನೋಡಿ. ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಅದೇ ನಿಮ್ಮ ದಾರವನ್ನು ಕೊಯ್ತಾ ಇರೋದು.

ಕೊನೆಯದಾಗಿ, ನಾನು ಮಾಡದೆ ಬಿಟ್ಟ ಕೆಲಸ. ಕತ್ತರಿಸಿದ ದಾರದ ಒಂದು ಗೇಣೂ ಏರಿ ಮೇಲೆ ಉಳಿಯಬಾರದು. ಅದು ಮಣ್ಣಾಗೋದಿಲ್ಲ, ಹಕ್ಕಿ ಕಾಲಿಗೆ ಸುತ್ತುತ್ತೆ, ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರುತ್ತೆ, ಕಳೆ ಕೊಚ್ಚುವ ಯಂತ್ರಕ್ಕೆ ಸುತ್ತಿಕೊಳ್ಳುತ್ತೆ. ಸುಡಬೇಡಿ, ಹೊಗೆ ಒಳ್ಳೇದಲ್ಲ. ನಾನು ಬೆಲ್ಟಿಗೆ ಒಂದು ಸಣ್ಣ ಡಬ್ಬಿ ಕಟ್ಟಿಕೊಳ್ತೀನಿ. ತುಂಡಾದ ದಾರವೆಲ್ಲ ಅದಕ್ಕೆ. ಡಬ್ಬಿ ತುಂಬಿದ ಮೇಲೆ ದಾರವನ್ನೆಲ್ಲ ಚಿಕ್ಕ ಚಿಕ್ಕದಾಗಿ ಕತ್ತರಿಸಿ, ಮುಚ್ಚಿದ ಬಾಟಲಿಯಲ್ಲಿ ಹಾಕಿ ಒಣಕಸದ ಗಾಡಿಗೆ ಕೊಡ್ತೀನಿ.

ಮುಂದಿನ ಸಲ ಕೋಲಿನ ಬೆಲೆ ಕೇಳೋ ಮುಂಚೆ ನಿಮ್ಮ ಏರಿಯನ್ನೊಮ್ಮೆ ಸುತ್ತಿ ಬನ್ನಿ. ಹಳೇ ದಾರ ಕಣ್ಣಿಗೆ ಬಿದ್ದರೆ ಮೊದಲು ಅದನ್ನು ಹೆಕ್ಕಿ, ಆಮೇಲೆ ಅಂಗಡಿಗೆ ಹೋಗೋಣ.