ಸಾಲಿನಲ್ಲಿ ಎಲ್ಲರಿಗೂ ಸ್ಥಾನ

ಅಮೆರಿಕೆಯ ಸಿಯಾಟಲ್ ನಗರದ ಗ್ರೆಗರಿ ಬ್ಲ್ಯಾಕ್‌ಸ್ಟಾಕ್ (1946–2023) ಆಟಿಸಂ, ಅಂದರೆ ಸ್ವಲೀನತೆಯುಳ್ಳ ಚಿತ್ರಕಾರರು. ಅಲ್ಲಿನ ಕ್ಲಬ್ಬೊಂದರ ಅಡುಗೆಮನೆಯಲ್ಲಿ 25 ವರ್ಷ ಪಾತ್ರೆ ತೊಳೆದು 2001ರಲ್ಲಿ ನಿವೃತ್ತರಾದವರು. ಗರಗಸ, ಹಕ್ಕಿ, ವಿಮಾನ ಮೊದಲಾದ ಲೋಕದ ವಸ್ತುಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಸಾಲುಸಾಲಾಗಿ ಚಿತ್ರಿಸಿ, ಒಂದೊಂದಕ್ಕೂ ಅದರ ಹೆಸರನ್ನು ನಮೂದಿಸುತ್ತಿದ್ದರು. 2006ರಲ್ಲಿ ಆ ಚಿತ್ರಗಳು ಗ್ರಂಥರೂಪದಲ್ಲಿ ಪ್ರಕಟವಾದವು.

ಆ ಚಿತ್ರಗಳೇ ಅವರ ಲೋಕಚಿಂತನೆ. ಆ ಸಾಲುಗಳಲ್ಲಿ ಪಂಕ್ತಿಭೇದವಿಲ್ಲ. ಪ್ರತಿಯೊಂದು ಗರಗಸಕ್ಕೂ ಅದರದೇ ಆಕಾರ, ಅದರದೇ ಹೆಸರು. ನಾವಾದರೋ ಮಾತು ಬಾರದ ಕೂಸನ್ನು ‘ಮಂಕು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿ, ಮದುವೆ, ಗೃಹಪ್ರವೇಶಗಳ ದಿನ ಒಳಕೋಣೆಯಲ್ಲಿ ಕೂಡಿಸುತ್ತೇವೆ.

ಇಂಥ ವೃತ್ತಾಂತವನ್ನು ಕೇಳಿದ ತಾಯಿ ತನ್ನ ಮಗುವಿನಲ್ಲಿಯೂ ಅಡಗಿದ ಪ್ರತಿಭೆಯನ್ನು ಅರಸುವುದು ಸಹಜ. ಎಲ್ಲ ಮಕ್ಕಳಲ್ಲಿಯೂ ಅದು ಇರುವುದಿಲ್ಲ, ಇರಲೇಬೇಕೆಂದೂ ಇಲ್ಲ. ಕೀರ್ತಿ ಬರುವ ಮುನ್ನ ಪಾತ್ರೆ ತೊಳೆದ ಆ 25 ವರ್ಷಗಳೂ ಗೌರವದ ಬಾಳೇ ಆಗಿದ್ದವು.

ಸ್ವಲೀನತೆಯುಳ್ಳ ಅನೇಕರು ಹಠಾತ್ ಬದಲಾವಣೆಯಿಂದ ಕಂಗೆಡುತ್ತಾರೆ. ನಾಳೆ ನೆಂಟರು ಬರುವುದಿದ್ದರೆ ಮಗುವಿಗೆ ಇಂದೇ ತಿಳಿಯಹೇಳಬೇಕು. ಉಣ್ಣುವ ಹೊತ್ತನ್ನು, ಕುಳಿತುಕೊಳ್ಳುವ ಜಾಗವನ್ನು ಆದಷ್ಟು ಬದಲಿಸಬಾರದು. ಇದಕ್ಕೆ ಹಣ ಬೇಡ, ತಾಳ್ಮೆ ಸಾಕು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸ್ವಲೀನತೆಯನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಸರ್ಕಾರದ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಮನೆಯ ಪಂಕ್ತಿಯಲ್ಲಿ ಎಲೆ ಹಾಕಬೇಕಾದವರು ನಾವು.