ತಲೆಮಾರುಗಳ ಎಣಿಕೆ

ರಜೆಯ ದಿನಗಳಲ್ಲಿ ಮಕ್ಕಳ ಆಟದ ಬಳಿ ಕುಳಿತ ಹಿರಿಯರಿಗೆ ನ್ಯಾಯ ಹೇಳುವ ಕೆಲಸವೂ ಒದಗುವುದುಂಟು. ಮೊನ್ನೆ ನಮ್ಮ ಮನೆಯಲ್ಲಿ ಹುಟ್ಟಿದ ವ್ಯಾಜ್ಯವು 'ದಿ ಸಿಮ್ಸ್' ಎಂಬ ಕಂಪ್ಯೂಟರ್ ಆಟವನ್ನು ಕುರಿತದ್ದು. ತೊಟ್ಟಿಲಲ್ಲಿದ್ದ ಕೂಸು ಒಂಬತ್ತನೆಯ ತಲೆಮಾರೆಂದು ಅಣ್ಣನು ವಾದಿಸಿದನು. ಹತ್ತನೆಯದೆಂದು ತಂಗಿಯು ಹಟ ಹಿಡಿದಳು.

ವಿಲ್ ರೈಟ್ ಎಂಬವರು ರೂಪಿಸಿದ ಈ ಆಟವು 2000ನೆಯ ಇಸವಿಯಲ್ಲಿ ಹೊರಬಂದಿತು. ಪರದೆಯ ಮೇಲಿನ ಮನುಷ್ಯರಿಗೆ ಮನೆ ಕಟ್ಟಿಸಿ, ಉದ್ಯೋಗ ಕೊಡಿಸಿ, ಸಂಸಾರ ಹೂಡಿಸುವುದೇ ಇದರ ವಿನೋದ. ಮೊದಲ ಆಟದಲ್ಲಿ ಮಕ್ಕಳು ಮಕ್ಕಳಾಗಿಯೇ ಉಳಿಯುತ್ತಿದ್ದರು. 2004ರಲ್ಲಿ ಬಂದ ಎರಡನೆಯದರಲ್ಲಿ ಅವರು ಬೆಳೆದು ಮುಪ್ಪಾಗುವುದೂ, ತಂದೆತಾಯಿಗಳ ಚಹರೆಯು ಮಕ್ಕಳಿಗೆ ಇಳಿಯುವುದೂ ಸೇರಿದುವು. ಆಗ ಆಟಗಾರರೇ 'ಲೆಗಸಿ ಚಾಲೆಂಜ್' ಎಂಬ ವಂಶದ ಪಂಥವೊಂದನ್ನು ಕಟ್ಟಿಕೊಂಡರು. ಬರಿಯ ನಿವೇಶನದಲ್ಲಿ ಒಬ್ಬ ಮೂಲಪುರುಷನನ್ನಾಗಲಿ ಮೂಲಸ್ತ್ರೀಯನ್ನಾಗಲಿ ನಿಲ್ಲಿಸಿ, ಅದೇ ನೆಲದಲ್ಲಿ ವಂಶವನ್ನು ಹತ್ತು ತಲೆಮಾರು ನಡೆಸಬೇಕು.

ಇಲ್ಲಿ ಮೂಲವ್ಯಕ್ತಿಯೇ ಒಂದನೆಯ ತಲೆಮಾರು. ಮಕ್ಕಳು ನಾಲ್ವರಿದ್ದರೂ ಅವರೆಲ್ಲ ಸೇರಿ ಎರಡನೆಯದು. ಮದುವೆಯಾಗಿ ಮನೆಗೆ ಬಂದವರಿಂದ ಎಣಿಕೆ ಏರದು. ಆದುದರಿಂದ ಹತ್ತು ತಲೆಮಾರಿನ ನೇರ ಸಾಲಿನಲ್ಲಿ ಹುಟ್ಟುಗಳು ಒಂಬತ್ತೇ. ಬೇಲಿಗೆ ಹತ್ತು ಗೂಟ ನೆಟ್ಟರೆ ನಡುವಣ ಸಂದುಗಳು ಒಂಬತ್ತಾಗುವಂತೆ. ಅಣ್ಣನು ಸಂದುಗಳನ್ನೆಣಿಸಿದ್ದನು, ತಂಗಿಯು ಗೂಟಗಳನ್ನು. ತೀರ್ಪು ತಂಗಿಯ ಪರವಾಯಿತು.

ಆಟದಲ್ಲಿ ಒಂದು ತಲೆ ತಪ್ಪಿದರೆ ನಷ್ಟವೇನೂ ಇಲ್ಲ. ಮನೆಯಲ್ಲಿ ಮದುವೆಯ ಮಾತು ನಡೆಯುವಾಗ ಹಾಗಲ್ಲ. ಹಿರಿಯರು ಶ್ರಾದ್ಧದ ಎಣಿಕೆಗೆ ಒಗ್ಗಿದವರು. ಅಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂವರು. ಪಿಂಡವಿಡುವವನು ಆ ಮೂವರಲ್ಲಿ ಸೇರನು. 1955ರ ಹಿಂದೂ ವಿವಾಹ ಕಾಯಿದೆಯ ಎಣಿಕೆಯಾದರೋ ಆಟದ ಎಣಿಕೆಯಂತೆಯೇ ಇದೆ. ಸಪಿಂಡ ಸಂಬಂಧವನ್ನು ನೋಡುವಾಗ ವರನಾಗಲಿ ವಧುವಾಗಲಿ ತಾನೇ ಒಂದನೆಯ ತಲೆಮಾರು. ಅಲ್ಲಿಂದ ಮೇಲಕ್ಕೆ ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಮಾರು. ಈ ಮಿತಿಯೊಳಗೆ ಇಬ್ಬರಿಗೂ ಒಬ್ಬರೇ ಪೂರ್ವಜರು ಬಂದರೆ, ರೂಢಿಯ ಅನುಮತಿಯಿಲ್ಲದೆ ಮಾಡಿದ ಮದುವೆಯು ಕಾನೂನಿನಲ್ಲಿ ಮದುವೆಯೇ ಅಲ್ಲ.

ತಂದೆಯ ಕಡೆ ಐದನೆಯವನು ಮುತ್ತಜ್ಜನ ತಂದೆ. ಶ್ರಾದ್ಧದ ವಾಡಿಕೆಯಂತೆ ತಂದೆಯನ್ನೇ ಒಂದೆಂದು ಎಣಿಸಿದವರಿಗೆ ಮುತ್ತಜ್ಜನ ಅಜ್ಜನೂ ಐದನೆಯವನಾಗಿ ತೋರುವನು. ಅವನೊಬ್ಬನನ್ನು ನೆವಮಾಡಿ, ಆಗಬಹುದಾಗಿದ್ದ ಒಳ್ಳೆಯ ಸಂಬಂಧವೊಂದನ್ನು ಕೈಬಿಡುವ ಸಂಭವವುಂಟು. ಹುಡುಗ ಹುಡುಗಿಯರ ಬಾಳಿನ ಪ್ರಶ್ನೆಯು ಇಂತಹ ಲೆಕ್ಕದ ತಪ್ಪಿನಿಂದ ತೀರ್ಮಾನವಾಗಬಾರದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಸಂಬಂಧದ ಮಾತು ಬಂದಾಗ ಬಾಯಿಲೆಕ್ಕವನ್ನು ನೆಚ್ಚದೆ ಒಂದು ಕಾಗದವನ್ನು ತೆಗೆದುಕೊಳ್ಳಿರಿ. ಮಗನ ಅಥವಾ ಮಗಳ ಹೆಸರಿನ ಮುಂದೆ 1 ಎಂದು ಬರೆದು ಮೇಲಕ್ಕೆ ಹತ್ತಿರಿ. ಎದುರು ಮನೆಯವರೂ ಹಾಗೆಯೇ ಬರೆಯಲಿ. ತಾಯಿಯ ಕಡೆಯವರ ಹೆಸರುಗಳು ಹಳೆಯ ವಂಶಾವಳಿಗಳಲ್ಲಿ ಬಹುಮಟ್ಟಿಗೆ ಸಿಕ್ಕುವುದಿಲ್ಲ. ಅವುಗಳನ್ನು ಅಜ್ಜಿಯರು ಬಲ್ಲರು. ಅವರು ನಮ್ಮೊಡನಿರುವಾಗಲೇ ಕೇಳಿ ಬರೆದಿಡುವುದು ಲೇಸು.